ಮಲ್ಲಿಗಮ್ಮ ಒಪ್ಪಿದ ನೀರು

ಗುಳುಗುಳು, ಗುಳುಗುಳು, ಆಮೇಲೆ ಉಸ್ಸೆಂದು ಒಂದು ದೀರ್ಘ ನಿಟ್ಟುಸಿರು. ಹೊಳೆನರಸೀಪುರದ ಮಡಿವಾಳರ ಬೀದಿಯಲ್ಲಿ ಬೆಳಕು ಹರಿಯುತ್ತಿದ್ದುದು ಈ ಸದ್ದಿನೊಂದಿಗೆ. ಹಿತ್ತಿಲ ಒಲೆಗಳ ಮೇಲೆ ಉಬ್ಬೆಯ ಬಾನಿಗಳು ಕೂತಿರುತ್ತಿದ್ದವು. ಊರಿನ ಕೊಳೆ ಬಟ್ಟೆಗಳು ಅವುಗಳೊಳಗೆ ಸವಳು ಮಣ್ಣಿನ ನೀರು ಕುಡಿದು ಹಬೆಯಲ್ಲಿ ಬೇಯುತ್ತಿದ್ದವು. ಆ ಸದ್ದು ಕೇಳಿಯೇ ಮಲ್ಲಿಗಮ್ಮ ಒಲೆಯ ಸೌದೆಯನ್ನು ಮುಂದಕ್ಕೆ ನೂಕುತ್ತಿದ್ದಳು, ಇಲ್ಲವೇ ಹಿಂದಕ್ಕೆ ಎಳೆಯುತ್ತಿದ್ದಳು.

ಬಾಗೂರಿನಿಂದ ಈ ಬೀದಿಗೆ ಸೊಸೆಯಾಗಿ ಬಂದಾಗ ಅವಳಿಗೆ ಹದಿಮೂರು. ಅತ್ತೆ ಮೊದಲು ಕಲಿಸಿದ್ದು ಬಟ್ಟೆ ಒಗೆಯುವುದನ್ನಲ್ಲ, ರುಚಿ ನೋಡುವುದನ್ನು. ಕೆರೆಯಂಗಳದಲ್ಲಿ ಕೆರೆದು ತಂದ ಸವಳು ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಯ ತುದಿಗೆ ಇಡಬೇಕು. ಅದು ಚುರುಗುಟ್ಟುವ ಬಗೆ ನೋಡಿ ಬಾನಿಗೆ ನಾಲ್ಕು ಬೊಗಸೆಯೋ ಐದು ಬೊಗಸೆಯೋ ತಿಳಿಯಬೇಕು. ಬಾಣಂತಿ ಮನೆಯ ಬಟ್ಟೆಯಾದರೆ ಇನ್ನೂ ಒಂದು ಕಟ್ಟಳೆ. ಜಾಲಿಸಿ ಹಿಂಡಿದ ಕೊನೆಯ ನೀರನ್ನೂ ಅಂಗೈಯಲ್ಲಿ ಹಿಡಿದು ನಾಲಿಗೆಗೆ ಮುಟ್ಟಿಸಬೇಕು. ಬರಿಯ ಹೊಳೆ ನೀರಿನ ರುಚಿ ಬರುವವರೆಗೆ ಜಾಲಿಸುತ್ತಲೇ ಇರಬೇಕು. ಕೂಸಿನ ಚರ್ಮವೆಂದರೆ ಬಾಳೆಯ ಸುಳಿ, ಬಟ್ಟೆಯಲ್ಲಿ ಸವಳು ಉಳಿದರೆ ಸುಟ್ಟುಹೋಗುತ್ತದೆ ಎನ್ನುತ್ತಿದ್ದಳು ಅತ್ತೆ.

ಅತ್ತೆ ಹೋದಳು. ಗಂಡ ಶಿವಯ್ಯನೂ ಒಂದು ಮಳೆಗಾಲದ ಜ್ವರದಲ್ಲಿ ಹೋದ. ಮಲ್ಲಿಗಮ್ಮ ಊರಿನ ಇನ್ನೂರು ಮುನ್ನೂರು ಕೂಸುಗಳ ಬಟ್ಟೆ ಒಗೆದಳು. ಯಾವ ಕೂಸಿನ ತೊಡೆಯೂ ಅವಳ ಬಟ್ಟೆಯಿಂದ ಕೆಂಪಾಗಲಿಲ್ಲ. ಅದನ್ನವಳು ಯಾರೆದುರಿಗೂ ಹೇಳಿಕೊಂಡವಳಲ್ಲ.

ಮೈದುನ ಗಂಗಯ್ಯ ಬಸ್ ಸ್ಟ್ಯಾಂಡಿನ ಹತ್ತಿರ ಇಸ್ತ್ರಿ ಅಂಗಡಿ ಇಟ್ಟಿದ್ದ. ಅತ್ತಿಗೆಯ ಸೊಂಟ ಬಾಗುತ್ತಿದ್ದುದನ್ನು ಕಂಡು ಅವನಿಗೆ ಸಂಕಟ. ಅರವತ್ತೊಂದನೇ ಇಸವಿಯ ಚಳಿಗಾಲದಲ್ಲಿ ಹಾಸನಕ್ಕೆ ಹೋದವನು ಒಂದು ತಗಡಿನ ಡಬ್ಬ ಹೊತ್ತುಕೊಂಡು ಬಂದ. ಡಬ್ಬದ ಮೇಲೆ ಹೆಸರಿರಲಿಲ್ಲ. ಒಳಗೆ ಬಿಳಿಯ ಹಳುಕುಗಳು. ಬಟ್ಟೆ ಒಗೆಯುವ ಸೋಡಾವೇ, ಆದರೆ ಹತ್ತರಷ್ಟು ಜೋರು ಎಂದು ಮಾರಿದವನು ಹೇಳಿದ್ದನಂತೆ. ಮಾರನೆಯ ಬೆಳಿಗ್ಗೆ ಅವಳು ಏಳುವ ಮೊದಲೇ ಗಂಗಯ್ಯ ಅದನ್ನು ಬಾನಿಗೆ ಸುರಿದು, ಗಂಟಿನಲ್ಲಿದ್ದ ಬಟ್ಟೆಗಳನ್ನೆಲ್ಲ ಅದ್ದಿಬಿಟ್ಟಿದ್ದ. ಮೇಲಿನ ಬೀದಿಯ ಹಿರಿಯ ಯಜಮಾನಿ ದೊಡ್ಡತಾಯಮ್ಮನ ಮನೆಯ ಬಾಣಂತಿ ಬಟ್ಟೆಗಳೂ ಅದರಲ್ಲಿದ್ದವು.

ಮಲ್ಲಿಗಮ್ಮ ಬಂದು ಬಾನಿಯ ಮೇಲೆ ಕೈಯಿಟ್ಟಳು. ಒಲೆ ಹಚ್ಚಿರಲಿಲ್ಲ, ಬಾನಿ ಬಿಸಿಯಾಗಿತ್ತು. ಬೆಂಕಿಯಿಲ್ಲದೆ ಕಾಯುವ ನೀರನ್ನು ಅವಳು ಅದುವರೆಗೆ ಕಂಡವಳಲ್ಲ. ಎಷ್ಟು ಬೊಗಸೆ ಹಾಕಿದೆ ಎಂದು ಕೇಳಿದರೆ ಗಂಗಯ್ಯನಿಗೆ ಲೆಕ್ಕವೇ ಇರಲಿಲ್ಲ. ಹಾಗಾಗಿ ನಲವತ್ತು ವರ್ಷದಿಂದ ಮಾಡಿದ್ದನ್ನೇ ಅವಳು ಮಾಡಿದಳು. ಡಬ್ಬದಿಂದ ಒಂದು ಹಳುಕು ತೆಗೆದು ನಾಲಿಗೆಯ ತುದಿಗೆ ಇಟ್ಟಳು.

ಕೂಗಲೂ ಆಗಲಿಲ್ಲ. ಬಾಯಿ ಮುಚ್ಚಿಕೊಂಡು ನೀರಿನ ಕೊಡದ ಹತ್ತಿರ ಓಡಿದಳು. ಕೊಡ ಖಾಲಿಯಾದರೂ ಉರಿ ಇಳಿಯಲಿಲ್ಲ. ಗಂಗಯ್ಯ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಕಾಂಪೌಂಡರು ಇದು ಕಾಸ್ಟಿಕ್ ಸೋಡಾ, ಸೋಪು ಕಾಯಿಸುವವರ ಸಾಮಾನು, ಮನುಷ್ಯರ ಮೈಗೆ ಮುಟ್ಟಬಾರದ್ದು ಎಂದರು. ಅದೃಷ್ಟವಿತ್ತು, ನುಂಗಿರಲಿಲ್ಲ.

ಅವಳು ಮನೆಯಲ್ಲಿ ಮಲಗಿದ್ದಾಗ ಗಂಗಯ್ಯ, ಹರಿಯುವ ನೀರಿಗೆ ಎಲ್ಲ ಹೋಗಿಬಿಡುತ್ತದೆ ಎಂದುಕೊಂಡು, ಬಟ್ಟೆಗಳನ್ನು ಹೊಳೆಗೆ ಒಯ್ದು ಒಗೆದ. ಅಷ್ಟು ಬಿಳುಪನ್ನು ಹೇಮಾವತಿಯ ಬಂಡೆಗಳು ಅದುವರೆಗೆ ಕಂಡಿರಲಿಲ್ಲ. ಸಂಜೆಗೆ ಅರ್ಧ ಬಟ್ಟೆಯನ್ನು ಮನೆಮನೆಗೆ ಕೊಟ್ಟೂ ಬಂದ.

ಮರುದಿನ ಮಲ್ಲಿಗಮ್ಮ ಎದ್ದು, ಕೊಡದೆ ಉಳಿದಿದ್ದ ಕೂಸಿನ ಬಟ್ಟೆಗಳನ್ನು ಮತ್ತೆ ಹೊಳೆಯಲ್ಲಿ ಮೂರು ಸಲ ಜಾಲಿಸಿದಳು. ಹಿಂಡಿದ ನೀರನ್ನು ನಾಲಿಗೆಗೆ ಮುಟ್ಟಿಸಿದಳು. ಏನೂ ತಿಳಿಯಲಿಲ್ಲ. ಬಾಯಲ್ಲಿದ್ದದ್ದು ನಾಲಿಗೆಯೋ ಮರದ ಚೂರೋ ಎನ್ನುವಂತಿತ್ತು.  ಆಮೇಲೆ ಒಂದು ಬಟ್ಟೆಯನ್ನು ಸೀರೆಯೊಳಗೆ ತನ್ನ ಬರಿಯ ಹೊಟ್ಟೆಗೆ ಬಿಗಿಯಾಗಿ ಸುತ್ತಿಕೊಂಡು ಕೆಲಸಕ್ಕೆ ತೊಡಗಿದಳು. ನಡುಹಗಲಿಗೆ ಬಿಚ್ಚಿ ನೋಡಿದರೆ ಹೊಟ್ಟೆಯ ಸುತ್ತ ಅಂಗೈ ಅಗಲದ ಕೆಂಪು ಪಟ್ಟಿ.

ಗಂಗಯ್ಯ ಅದನ್ನು ಒಪ್ಪಲಿಲ್ಲ. "ಬೆವ್ರಿಗೆ ಆಗೈತೆ ಅತ್ಗೆ. ನಿಂದು ಮುದ್ಕಿ ಚರ್ಮ."

"ಮುದ್ಕಿ ಚರ್ಮಕ್ಕೇ ಇಂಗಾದ್ರೆ, ಎಳೆ ಚರ್ಮದ ಗತಿ ಏನ್ಲಾ?"

 ಅವನ ಬೆರಳ ತುದಿಗಳೂ ಸುಲಿದಿದ್ದವು, ಅವನ್ನು ಅವನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ. ಸದ್ದಿಲ್ಲದೆ ಬಟ್ಟೆ ವಾಪಸು ತಂದು ಒಗೆದು ಕೊಡೋಣ, ಯಾರಿಗೂ ಹೇಳುವುದು ಬೇಡ ಎಂದು ಬೇಡಿಕೊಂಡ. ದೊಡ್ಡತಾಯಮ್ಮ ಕೈಬಿಟ್ಟರೆ ಆ ಬೀದಿಯ ಉಳಿದ ಮನೆಗಳೂ ಕೈಬಿಡುತ್ತವೆ ಎಂಬುದು ಮಲ್ಲಿಗಮ್ಮನಿಗೂ ಗೊತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ದೊಡ್ಡತಾಯಮ್ಮ ಜಗಲಿಯಲ್ಲಿ ಕುಳಿತಿದ್ದರು. ನಿನ್ನೆ ಬಂದ ಬಟ್ಟೆಯ ಬಿಳುಪನ್ನು ಹೊಗಳುತ್ತಾ, ನಮ್ಮತ್ತೆ ಕಾಲದಲ್ಲೂ ಇಂಥ ಮಡಿ ಕಂಡಿಲ್ಲ ಎಂದರು.

"ಕೂಸಿನ ಮೈಮ್ಯಾಗಳ ಬಟ್ಟೆ ಬಿಚ್ಸಿ ಅಮ್ಮೋರೆ," ಎಂದಳು ಮಲ್ಲಿಗಮ್ಮ. ನಾಲಿಗೆ ತೊದಲುತ್ತಿತ್ತು. "ಆ ಬಿಳ್ಪು ನಂದಲ್ಲ."

ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಗಂಗಯ್ಯನ ಹೆಸರು ಮಾತ್ರ ಎತ್ತಲಿಲ್ಲ, ನಮ್ಮ ಮನೆಯಿಂದ ತಪ್ಪಾಯಿತು ಎಂದಳು. ಒಳಗೆ ಬಾಣಂತಿ ಮಗಳು ಲಕ್ಷ್ಮಿದೇವಮ್ಮ ಹದಿನೈದು ದಿನದ ಕೂಸನ್ನು ಬಿಚ್ಚಿ ನೋಡಿದಳು. ತೊಡೆಗಳು ಕೆಂಡದಂತಿದ್ದವು. ಬೆಳಗಿನಿಂದ ಕೂಸು ಅಳುತ್ತಲೇ ಇತ್ತು, ಉಷ್ಣ ಎಂದುಕೊಂಡು ಮನೆಯವರು ಬಾಣಂತಿಯ ಪಥ್ಯವನ್ನು ಬಿಗಿಮಾಡಿದ್ದರು. ಈಗ ಉಗುರುಬೆಚ್ಚಗಿನ ನೀರನ್ನು ಹೊಯ್ದು ಹೊಯ್ದು ತೊಳೆದರು. ಅಳು ನಿಧಾನವಾಗಿ ಬಿಕ್ಕಳಿಕೆಗೆ ಇಳಿಯಿತು.

ದೊಡ್ಡತಾಯಮ್ಮನ ಕೋಪ ಇಳಿಯಲಿಲ್ಲ. "ಇನ್ಮ್ಯಾಕೆ ನಮ್ಮನೆ ಬಟ್ಟೆ ಮುಟ್ಬ್ಯಾಡ ಕಣೆ ನೀನು."

ಮಲ್ಲಿಗಮ್ಮ ಎದುರಾಡಲಿಲ್ಲ. ಆದರೆ ಕೂಸಿಗೆ ಈಗ ಸುತ್ತಲು ಏನಿದೆ ಎಂದಷ್ಟೇ ಕೇಳಿದಳು. ಏನೂ ಇರಲಿಲ್ಲ. ಯಜಮಾನರ ಒಂದು ಹಳೆಯ ಪಂಚೆಯನ್ನು ಹರಿದು ಕೊಟ್ಟರು. ಅವಳು ಹಿತ್ತಿಲ ಬಾವಿಯ ಬಳಿ ಕುಳಿತು ಅಂಟುವಾಳದ ನೊರೆಯಲ್ಲಿ ಆ ತುಂಡುಗಳನ್ನು ಒಗೆದಳು, ಜಾಲಿಸಿದಳು. ಕೊನೆಯ ನೀರನ್ನು ಒಂದು ಬಟ್ಟಲಿಗೆ ಹಿಂಡಿ ಬಾಣಂತಿ ಕೋಣೆಯ ಹೊಸಿಲ ಹೊರಗೆ ಇಟ್ಟಳು.

"ನನ್ನ ನಾಲ್ಗೆ ಸತ್ತೈತೆ. ನಿಮ್ಮಲ್ಲಿ ಯಾರಾರ ರುಚಿ ನೋಡ್ಬೇಕು."

 ಮಡಿವಾಳಗಿತ್ತಿ ಕೈಯಾರೆ ಹಿಂಡಿದ ನೀರು. ದೊಡ್ಡತಾಯಮ್ಮ ಮುಖ ತಿರುಗಿಸಿದರು. ಮಲ್ಲಿಗಮ್ಮ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಮತ್ತೊಮ್ಮೆ ಕೇಳಲೂ ಇಲ್ಲ. ಕಾದಳು.

ಲಕ್ಷ್ಮಿದೇವಮ್ಮ ಕೂಸನ್ನು ತೊಡೆಯಿಂದ ಇಳಿಸಿ, ಬಗ್ಗಿ, ಬೆರಳು ಅದ್ದಿ ನಾಲಿಗೆಗೆ ಇಟ್ಟಳು. "ಕಹಿ ಐತೆ."

ಮಲ್ಲಿಗಮ್ಮ ಬಟ್ಟಲು ಎತ್ತಿಕೊಂಡು ಬಾವಿಗೆ ಹೋದಳು, ಮತ್ತೆ ಜಾಲಿಸಿ ತಂದಳು. ಇನ್ನೂ ಸ್ವಲ್ಪ ಕಹಿ. ಮತ್ತೆ ಹೋದಳು. ಬಾವಿಯ ರಾಟೆ ಕಿರುಗುಟ್ಟುತ್ತಲೇ ಇತ್ತು. ಅವಳ ಮುಖದಲ್ಲಿ ಅವಸರವಾಗಲಿ ಬೇಸರವಾಗಲಿ ಇರಲಿಲ್ಲ. ಐದನೆಯ ಸಲ ಬೆರಳನ್ನು ಬಾಯಲ್ಲಿಟ್ಟುಕೊಂಡ ಹುಡುಗಿ ತುಸು ಹೊತ್ತು ಕಣ್ಣು ಮುಚ್ಚಿದಳು.

"ನೀರು," ಎಂದಳು. "ಬರೀ ನೀರು ಕಣವ್ವ."

ಅವಳು ಮಡಿವಾಳಗಿತ್ತಿಯನ್ನು ಅವ್ವ ಎಂದದ್ದನ್ನು ಮನೆಯವರೆಲ್ಲ ಕೇಳಿಸಿಕೊಂಡರು. ಯಾರೂ ತಿದ್ದಲಿಲ್ಲ.

ಪಂಚೆಯ ತುಂಡುಗಳನ್ನು ಬಿಸಿಲಿಗೆ ಹರವಿ, ನಿನ್ನೆ ಬಂದಿದ್ದ ಆ ಬೆಳ್ಳನೆಯ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಮಲ್ಲಿಗಮ್ಮ ಮೆಟ್ಟಿಲಿಳಿದಳು. ದೊಡ್ಡತಾಯಮ್ಮ ಕಂಬ ಹಿಡಿದು ನಿಂತರು. ನಾಳೆ ಬರುತ್ತೀಯೋ ಇಲ್ಲವೋ ಎಂದು ಕೇಳಿದರು.

"ಬತ್ತೀನಿ ಅಮ್ಮೋರೆ." ಅವಳು ಆಗಲೇ ಬೀದಿಗೆ ಇಳಿದಿದ್ದಳು, ತಿರುಗಿ ನೋಡದೆಯೇ ಮಾತು ಮುಂದುವರಿಸಿದಳು. "ಕೋಟೆ ಬೀದಿ ಕಾಮಾಕ್ಷಮ್ಮೋರ ಮನೇಲೂ ಎಳೆಕೂಸೈತೆ, ಅಲ್ಲಿಗೂ ನೆನ್ನೇನೇ ಓಗೈತೆ ಬಟ್ಟೆ. ಒತ್ತು ಮುಳ್ಗೋದ್ರೊಳ್ಗೆ ಅವ್ರಿಗೂ ಒಂದ್ ಮಾತು ಏಳ್ಬುಟ್ಟು, ಆಮ್ಯಾಕೆ ಆ ಪ್ಯಾಟೆ ಮನೆಗ್ಳಿಗೂ ಓಗಿ ಏಳ್ಬೇಕು."