ಕೈ ಮುಟ್ಟದ ಚೆಂಡು

ಕಾಕಾ ಅವರ ಕಾಲುಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಕುಣಿ ಮಗ್ಗದಲ್ಲಿ ಕೂತು ಆಯುಷ್ಯವಿಡೀ ಹಲಗೆ ತುಳಿದ ಕಾಲುಗಳವು. ಮೈದಾನದ ಅಂಚಿನ ಕಲ್ಲಿನ ಮೇಲೆ ಕೂತು ಫುಟ್‌ಬಾಲ್ ನೋಡುವಾಗಲೂ ಎಡ, ಬಲ, ಎಡ, ಬಲ ಎಂದು ನೆಲ ತುಳಿಯುತ್ತಲೇ ಇರುತ್ತಿದ್ದವು. ಚೆಂಡು ನಮ್ಮವರ ಹತ್ತಿರ ಇದ್ದರೆ ಸಾವಕಾಶ, ಎದುರಿನವರ ಹತ್ತಿರ ಹೋದರೆ ಜೋರು. ನಮ್ಮ ಮೇಲೆ ಗೋಲಾಯಿತೆಂದರೆ ಬಲಗಾಲು ಎತ್ತಿ ನೆಲಕ್ಕೊಂದು ಏಟು. ಆ ಏಟಿಗೆ ಚಪ್ಪಲಿಯ ಉಂಗುಟ ಕಿತ್ತು ಬರುತ್ತಿತ್ತು. ಮರುದಿನ ಆ ಚಪ್ಪಲಿ ನನ್ನ ಮುಂದೆ ಬಂದು ಬೀಳುತ್ತಿತ್ತು. ನಮ್ಮ ಬನಹಟ್ಟಿಯ ತಂಡ ಸೋತಷ್ಟೂ ಸಮಗಾರನಾದ ನನಗೆ ಕೆಲಸ.

ಬೀಳುತ್ತಿತ್ತು ಎಂದು ಬೇಕೆಂದೇ ಬರೆದೆ. ಅವರು ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟವರಲ್ಲ, ದೂರದಿಂದ ಒಗೆಯುತ್ತಿದ್ದರು. ನನ್ನನ್ನು ತಮ್ಮ ಮನೆಯ ಹೊಸ್ತಿಲು ದಾಟಿಸಿದವರೂ ಅಲ್ಲ. ಊರೆಲ್ಲ ಅವರನ್ನು ಕಾಕಾ ಎಂದರೆ ನಾನು ಎದುರಿಗೆ ಯಜಮಾನ್ರ ಎನ್ನುತ್ತಿದ್ದೆ. ಕಾಕಾ ಎಂದು ಬರೆಯುವ ಸಲಿಗೆಯನ್ನು ಈಗ ತೆಗೆದುಕೊಂಡಿದ್ದೇನೆ, ಬೈಯುವುದಕ್ಕೆ ಅವರಿಲ್ಲ. ಅವರನ್ನು ದೇವರು ಮಾಡಿ ಕೂರಿಸುವ ಇಚ್ಛೆ ನನಗಿಲ್ಲ. ಆದರೆ ಆ ಊರಿನಲ್ಲಿ ನನಗೆ ಯಾರಾದರೂ ನ್ಯಾಯ ಮಾಡಿದ್ದರೆ ಅದು ಆ ಸಿಡುಕು ಮುದುಕ ಒಬ್ಬರೇ.

ಅವರು ಜನ್ಮದಲ್ಲಿ ಒಮ್ಮೆಯೂ ಚೆಂಡು ಒದ್ದವರಲ್ಲ. ಆದರೆ ತಂಡದ ಬಗ್ಗೆ ಅವರಷ್ಟು ಸಿಟ್ಟಾದವರು ಇನ್ನೊಬ್ಬರಿರಲಿಲ್ಲ. ಮುಧೋಳದವರಿಗೆ ಸೋತ ವರ್ಷ ಮೂರು ದಿನ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲವಂತೆ. ಅವರ ಹೆಂಡತಿ, "ಮನಿ ಭಾಳ ತಣ್ಣಗ ಐತ್ರಿ, ಇನ್ನೊಂದ್ ಸಲ ಸೋಲ್ರಿ" ಎಂದು ತಂಡಕ್ಕೆ ಹೇಳಿಕಳಿಸಿದ್ದರು. ಯಾರಾದರೂ ಸಮಾಧಾನ ಹೇಳಲು ಹೋದರೆ ಕಾಕಾ ಅವರದು ಒಂದೇ ಮಾತು: "ಸೋತದ್ದಕ್ಕ ಸಿಟ್ಟಿಲ್ಲಲೇ. ಸೋತ ಮ್ಯಾಲ ಸುಳ್ಳು ಹೇಳತೀರಲ್ಲ, ಅದಕ್ಕ ಸಿಟ್ಟು."

ನಾನು ತಂಡ ಸೇರಿದ್ದು ಚೆಂಡು ಹೊಲಿಯುವ ಕೆಲಸದಿಂದ. ಚೆಂಡಿನ ತೊಗಲು ಬಿಚ್ಚಿಕೊಂಡಾಗಲೆಲ್ಲ ಸಾಲಿ ಮಾಸ್ತರು ನನ್ನ ಹತ್ತಿರ ತರುತ್ತಿದ್ದರು. ಹೊಲಿದಾದ ಮೇಲೆ ಗಟ್ಟಿಯಾಯಿತೋ ಇಲ್ಲವೋ ನೋಡಲು ನಾನು ಒಂದು ಸಲ ಒದೆಯುತ್ತಿದ್ದೆ. ಒಮ್ಮೆ ಅದು ಹುಣಸೆಮರ ದಾಟಿ ಆಚೆಯ ಹೊಲದಲ್ಲಿ ಬಿತ್ತು. ಮಾಸ್ತರು ನನ್ನ ಕಾಲನ್ನೇ ನೋಡಿದರು. ತಂಡ ನೋಡಿಕೊಳ್ಳುತ್ತಿದ್ದವರು ಅವರೇ. ಆ ವಾರವೇ ನನ್ನನ್ನು ಎಡಗಡೆಯ ಬ್ಯಾಕ್ ಆಗಿ ನಿಲ್ಲಿಸಿದರು. ಊರು ಗೊಣಗಿತು, ಆದರೆ ಆಗ ಗೆಲ್ಲುತ್ತಿದ್ದೆವು. ಗೆಲ್ಲುತ್ತಿರುವತನಕ ನನ್ನ ಜಾತಿ ಯಾರಿಗೂ ನೆನಪಾಗಲಿಲ್ಲ.

ಗೋಲಿನಲ್ಲಿ ಸಾಹುಕಾರರ ಮಗ ನಿಲ್ಲುತ್ತಿದ್ದ. ಅದು ನೂಲಿನ ಕಂಟ್ರೋಲಿನ ಕಾಲ. ಯುದ್ಧ ನಡೆದಿತ್ತು, ಸಾಹುಕಾರರ ಕೈಯಿಂದ ನೂಲು ಬಂದರೆ ಮಗ್ಗ ಆಡಬೇಕು, ಇಲ್ಲದಿದ್ದರೆ ಇಲ್ಲ. ಚೆಂಡು ಕೊಡಿಸಿದವರೂ ಅವರೇ. ಹೀಗಾಗಿ ಓಡಲಾರದ ಅವರ ಮಗನಿಗೆ ಗೋಲು ಸಿಕ್ಕಿತ್ತು. ಹುಡುಗ ಕೆಟ್ಟವನಲ್ಲ. ಚಿಕ್ಕಂದಿನಲ್ಲಿ ವಿಷಮಜ್ವರ ಬಂದು ಬದುಕಿದವನು. ಆಗ ಅವನ ತಾಯಿ ಹರಕೆ ಹೊತ್ತಿದ್ದಳು: ಪ್ರತಿ ವರ್ಷ ಶ್ರಾವಣ ಮುಗಿಯುವತನಕ ಮಗ ಕೈಯಿಂದ ತೊಗಲು ಮುಟ್ಟುವುದಿಲ್ಲ ಎಂದು.

ಜಮಖಂಡಿಯವರ ಜೊತೆಗಿನ ಪಂದ್ಯ ಪ್ರತಿ ವರ್ಷ ಶ್ರಾವಣದಲ್ಲೇ.

ಹನ್ನೊಂದು ಜನರಲ್ಲಿ ಚೆಂಡನ್ನು ಕೈಯಿಂದ ಹಿಡಿಯುವ ಅಧಿಕಾರ ಇರುವುದು ಒಬ್ಬನಿಗೆ. ಆ ಒಬ್ಬನೇ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಕಾಲಿಗೆ ತೊಗಲು ತಾಗಿದರೆ ದೋಷವಿಲ್ಲವಂತೆ, ಕೈಗೆ ತಾಗಿದರೆ ವ್ರತಭಂಗವಂತೆ. ಬಂದ ಚೆಂಡಿಗೆಲ್ಲ ಕಾಲು ಎತ್ತುತ್ತಿದ್ದ. ಎತ್ತುವಷ್ಟರಲ್ಲಿ ಚೆಂಡು ಒಳಗಿರುತ್ತಿತ್ತು. ನಾನು ಸೇರಿದ ನಾಲ್ಕನೆಯ ವರ್ಷ ಜಮಖಂಡಿಯಲ್ಲಿ ನಮ್ಮ ಮೇಲೆ ಐದು ಗೋಲಾದವು. ಅದರಲ್ಲಿ ಒಂದು, ಮೂರನೆಯದು, ನನ್ನ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಎದುರಿನ ಹುಡುಗ ನನ್ನನ್ನು ದಾಟಿ ಹೋದ, ನಾನು ಜಾರಿ ಬಿದ್ದೆ. ಅಂಚಿನಿಂದ ಕಾಕಾ ಅವರ ದನಿ ಕೇಳಿಸಿತು: "ಏ ಸಮಗಾರ್ಯಾ, ಮಕ್ಕೊಂಡೀ ಏನಲೇ? ಹಾಸಿಗಿ ತರಲೇನ?"

ಮರುದಿನ ಸಂಜೆ ಹೋಟೆಲಿನ ಕಟ್ಟೆಯ ಮೇಲೆ ಊರು ಸೇರಿತು. ನಾನು ಕಟ್ಟೆಯ ಕೆಳಗೆ ಬೇವಿನಮರದ ಬುಡದಲ್ಲಿ ನಿಂತಿದ್ದೆ, ನನ್ನಂಥವರಿಗೆಂದು ಹೊರಗೆ ಮೊಳೆಗೆ ತೂಗುಹಾಕಿರುತ್ತಿದ್ದ ಚಹಾದ ಕಪ್ಪು ಹಿಡಿದುಕೊಂಡು. ಸೋತ ತಂಡದ ಹೆಣ ಕೊಯ್ಯುವ ಕೆಲಸ ನಡೆದಿತ್ತು.

"ಅವರ ಕಾಲಾಗ ಬೂಟ್ ಇದ್ದುವ್ರಿ. ನಮ್ಮವು ಬರಿಗಾಲು" ಎಂದ ಹೋಟೆಲಿನವನು.

"ಬೂಟಿನ ಮಾತ ಬಿಡ್ರಿ. ಮುಂದಿನ ಐದೂ ಮಂದಿಗೆ ಎಡಗಾಲ ಇಲ್ಲ. ಎಲ್ಲಾ ಬಲಗಾಲಿಲೇ ಒದೀತಾರ" ಎಂದ ದರ್ಜಿ.

ಬಂಡಿಯಲ್ಲಿ ಹೋದದ್ದಕ್ಕೆ ಮೈ ಕುಲುಕಿ ದಣಿವಾಯಿತೆಂದು ಒಬ್ಬ. ಸೀಟಿ ಊದಿದವನು ಜಮಖಂಡಿಯವರ ಬೀಗನೆಂದು ಮತ್ತೊಬ್ಬ. ಹೊರಡುವಾಗ ಬೆಕ್ಕು ಅಡ್ಡ ಬಂದಿತ್ತೆಂದು ಇನ್ನೊಬ್ಬ. ಬೆಕ್ಕಿನ ತನಕ ಹೋದರು, ಗೋಲಿನ ತನಕ ಹೋಗಲಿಲ್ಲ. ಕಂಬಗಳ ನಡುವೆ ಯಾರೂ ನಿಂತೇ ಇರಲಿಲ್ಲವೇನೋ ಎಂಬಂತೆ ಮಾತಾಡುತ್ತಿದ್ದರು. ಯಾಕೆಂದರೆ ಸಾಹುಕಾರರ ಮಗ ಅಲ್ಲೇ ಬೆಂಚಿನ ಮೇಲೆ ಕೂತು ಭಜಿ ತಿನ್ನುತ್ತಿದ್ದ, ಮತ್ತು ಅಲ್ಲಿದ್ದವರ ಮನೆಯ ಒಲೆಗಳೆಲ್ಲ ಅವನಪ್ಪನ ನೂಲಿನಿಂದ ಉರಿಯುತ್ತಿದ್ದವು.

ಕಡೆಗೆ ದರ್ಜಿಗೆ ದಾರಿ ಸಿಕ್ಕಿತು. ನನ್ನ ಕಡೆ ನೋಡದೆಯೇ, "ಎಡಗಡೀ ಬಾಜೂದ್ದು ಹುಳುಕು" ಎಂದ. "ಚೆಂಡ ಹೊಲಿಯೋರ್ನ ಚೆಂಡ ಹೊಲಿಯಾಕ ಇಡಬೇಕ್ರಿ, ಆಡಾಕ ಬಿಟ್ರ ಹಿಂಗ ಆಗತೈತಿ."

"ಖರೆ. ಅಂವ ಬಂದಾಗಿಂದ ತಂಡಕ್ಕ ಏಳಿಗಿ ಇಲ್ಲ."

"ಹೊಲಿಗೀನೂ ಸಡಲ ಹಾಕಿರಬೇಕು. ಚೆಂಡ ನೆಟ್ಟಗ ಹೋಗದ ವಾರಿ ಹೊಂಟಿತ್ತು."

ಎಷ್ಟು ಸಲೀಸಾಗಿ ಒಮ್ಮತವಾಯಿತು! ನಾಲ್ಕು ವರ್ಷ ಆ ಮೈದಾನದಲ್ಲಿ ಮೊಣಕಾಲು ಒಡೆದುಕೊಂಡವನು ನಾನು. ಹೊಲಿಗೆ ಸಡಿಲ ಎಂದರಲ್ಲ, ಅದು ಎಲ್ಲಕ್ಕಿಂತ ಹೆಚ್ಚು ಉರಿಯಿತು. ಮಾಸ್ತರು ತಲೆ ತಗ್ಗಿಸಿದ್ದರು. ಮುಂದಿನ ಪಂದ್ಯಕ್ಕೆ ನನ್ನನ್ನು ಕೈಬಿಡುವುದೆಂದು ಹೋಟೆಲಿನವನು ತೀರ್ಪು ಹೇಳುವುದರಲ್ಲಿದ್ದ.

ಅಷ್ಟರಲ್ಲಿ ಕಟ್ಟೆಯ ಮೂಲೆಯಲ್ಲಿ ನೆಲ ತುಳಿಯುತ್ತಿದ್ದ ಕಾಲುಗಳು ನಿಂತವು. ಕಾಕಾ ಎದ್ದರು. ರುಮಾಲು ತೆಗೆದು ಕಟ್ಟೆಗೆ ಬಡಿದರು.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕತೀರೇನಲೇ? ಐದು ಗೋಲಾದುವು. ಒಂದ ಇವನ್ದು. ಉಳಿದ ನಾಕ ಯಾರವು? ಹೇಳ್ರಿ! ನಾಕೂ ಸಲ ಚೆಂಡ ಎದಿಗೆ ಬಂದೈತಿ, ಕೈ ಮುಂದ ಮಾಡಿದ್ರ ಕೂಸೂ ಹಿಡೀತಿತ್ತು. ಈ ಸಾಹುಕಾರ್ರ ಮಗ ಕಾಲ ಎತ್ತಿ ಕುಣದಾನ!"

"ಕಾಕಾ, ಅದು ವ್ರತದ ಮಾತು..." ಎಂದ ಹೋಟೆಲಿನವನು.

"ವ್ರತಕ್ಕ ನಾ ಕೈ ಮುಗೀತೇನಿ. ತಾಯಿ ಹರಕಿ ದೊಡ್ಡದು. ಆದ್ರ ತೊಗಲ ಮುಟ್ಟಬಾರದಂತ ವ್ರತ ಹಿಡದಾಂವ ಗೋಲಿನ್ಯಾಗ ಯಾಕ ನಿಂತಾ? ಶ್ರಾವಣ ಮುಗಿಯೂತನಕ ಮನ್ಯಾಗ ಕುಂದ್ರಲಿ, ಬ್ಯಾರೇದಾಂವ ನಿಲ್ಲಲಿ. ಇದು ನಿಮಗೆಲ್ಲಾರಿಗೂ ಗೊತ್ತೈತಿ. ಬೆಕ್ಕಿನ ಹೆಸರ ಹೇಳತೀರಿ, ನಿಮ್ಮ ಬಾಯಾಗ ಇವನ ಹೆಸರ ಬರೂದಿಲ್ಲ!"

ಸಾಹುಕಾರರ ಮಗ ಅರ್ಧ ತಿಂದ ಭಜಿ ಬಿಟ್ಟು ಎದ್ದುಹೋದ. ನನ್ನನ್ನು ತೆಗೆಯುವ ಮಾತು ಅಂದು ಅಲ್ಲಿಗೇ ನಿಂತಿತು.

ಅದರ ಮುಂದಿನ ವಾರ ಕಾಕಾ ಅವರ ಮಗ್ಗವೂ ನಿಂತಿತು. ನೂಲು ಬಂದಿಲ್ಲ ಎಂದು ಸಾಹುಕಾರರ ಗುಮಾಸ್ತ ಹೇಳಿದ. ಹೇಳುತ್ತಿದ್ದಾಗಲೇ ಪಕ್ಕದ ಮನೆಗೆ ನೂಲಿನ ಗಂಟು ಇಳಿಯುತ್ತಿತ್ತು. ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡಿದ್ದ ಮಹಾನುಭಾವರು ಈಗ ಬುದ್ಧಿ ಹೇಳಲು ಅವರ ಮನೆಗೆ ಸಾಲುಗಟ್ಟಿದರು. "ನೀವು ಹೇಳಿದ್ದು ಖರೇನ ಐತಿ ಕಾಕಾ. ಆದ್ರ ಸಾಹುಕಾರ್ರ ಮುಂದ ಒಂದ್ ಸಲ ತಪ್ಪಾತು ಅಂದ್ರ ಮುಗೀತಲ್ಲ?" ಎಂದರಂತೆ. ಕಾಕಾ, "ಖರೆ ಅಂತ ನೀನ ಅಂತೀದಿ. ತಪ್ಪು ಯಾವುದೈತಿ ಅದನ್ನೂ ನೀನ ಹೇಳು, ಹೋಗಿ ಅಂದ ಬರತೇನಿ" ಎಂದು ಅವರನ್ನು ಎಬ್ಬಿಸಿ ಕಳಿಸಿದರಂತೆ.

ಸ್ವಂತ ಮಗ್ಗದ ಯಜಮಾನ ರಬಕವಿಯಲ್ಲಿ ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ಕೂತರು. ಎರಡೂರು ಒಂದಕ್ಕೊಂದು ಅಂಟಿಕೊಂಡಂತಿದ್ದರೂ ನಮ್ಮದು ಜಮಖಂಡಿ ಸಂಸ್ಥಾನ, ಅದು ಸಾಂಗಲಿಯದು. ನಮ್ಮ ಸಾಹುಕಾರರ ಕೈ ಅಲ್ಲಿಯತನಕ ಚಾಚುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಬೆಳಗ್ಗೆ ಹೋಗಿ ಸಂಜೆ ನನ್ನ ಅಂಗಡಿಯ ಮುಂದೆಯೇ ತಿರುಗಿ ಬರುವುದನ್ನು ನೋಡುತ್ತಿದ್ದೆ. ಒಂದು ದಿನ ತಡೆಯಲಾರದೆ ಎದ್ದು ನಿಂತೆ.

"ನನ್ನ ಸಲುವಾಗಿ ನಿಮಗ ಹಿಂಗಾತ್ರಿ ಯಜಮಾನ್ರ."

ಅವರು ಕೆರಳಿ ನಿಂತರು. "ನಿನ್ನ ಸಲುವಾಗಿ ಯಾಂವ ಮಾತಾಡ್ಯಾನಲೇ? ಮೂರನೇ ಗೋಲಿಗೆ ಎಲ್ಲಿ ಹೋಗಿದ್ದಿ, ಹೊಲ ಕಾಯಾಕ? ನಾ ಆಟದ ಸಲುವಾಗಿ ಮಾತಾಡೇನಿ. ನಿನ್ನ ತಪ್ಪು ಒಂದು. ಒಂದಂದ್ರ ಒಂದ. ಐದು ಅಂದ್ರ ನಾ ಒಪ್ಪೂದಿಲ್ಲ."

ಅಂದು ನನಗೆ ನೋವಾಯಿತು. ಒಂದು ಒಳ್ಳೆಯ ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದುಕೊಂಡೆ. ನಿಧಾನವಾಗಿ ತಿಳಿಯಿತು. ನನ್ನ ಮೇಲೆ ಕನಿಕರ ಪಟ್ಟವರು ಊರಲ್ಲಿ ಬೇಕಾದಷ್ಟು ಜನ ಇದ್ದರು, ಅವರೆಲ್ಲ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ನನ್ನ ತಪ್ಪನ್ನು ನನ್ನ ತಪ್ಪಿನಷ್ಟೇ ಅಳೆದವರು ಇವರೊಬ್ಬರು. ಅಂಥ ಅಳತೆ ನಮ್ಮವರಿಗೆ ಸಿಗುವುದು ಅಪರೂಪ.

ಮರುವರ್ಷದ ಶ್ರಾವಣದಲ್ಲಿ ಜಮಖಂಡಿಯವರು ನಮ್ಮಲ್ಲಿಗೇ ಬಂದರು. ಗೋಲಿನಲ್ಲಿ ಮತ್ತೆ ಅದೇ ಹುಡುಗ, ಅದೇ ವ್ರತ. ಬದಲಿಸುವ ಧೈರ್ಯ ಮಾಸ್ತರಿಗೂ ಇರಲಿಲ್ಲ. ಕಾಕಾ ರಬಕವಿಯ ಕೂಲಿ ತಪ್ಪಿಸಿ ಬಂದು ತಮ್ಮ ಕಲ್ಲಿನ ಮೇಲೆ ಕೂತಿದ್ದರು. ಆಟ ಮುಗಿಯುತ್ತ ಬಂದಿತ್ತು, ಇನ್ನೂ ಯಾರ ಮೇಲೂ ಗೋಲಾಗಿರಲಿಲ್ಲ. ಆಗ ಜಮಖಂಡಿಯವನೊಬ್ಬ ದೂರದಿಂದ ಎತ್ತಿ ಹೊಡೆದ. ಚೆಂಡು ಮೆತ್ತಗೆ, ಹೂವು ಬಂದ ಹಾಗೆ ಬಂತು. ನಮ್ಮ ಗೋಲಕೀಪರ ಕೈ ಹಿಂದೆ ಮಾಡಿ ಕಾಲೆತ್ತಿದ. ತಪ್ಪಿತು. ಅವನ ಹಿಂದೆ ಗೆರೆಯ ಮೇಲೆ ನಾನಿದ್ದೆ. ಒಂದು ವರ್ಷದ ಸಿಟ್ಟೆಲ್ಲ ತೋಳಿಗೆ ಬಂತು. ಎರಡೂ ಕೈ ಚಾಚಿ ಚೆಂಡನ್ನು ಹಿಡಿದು ಎದೆಗೆ ಅವಚಿಕೊಂಡೆ.

ಗೋಲಕೀಪರನಲ್ಲದವನು ಕೈಯಿಂದ ಹಿಡಿಯಬಾರದು. ಅದು ನನಗೆ ಗೊತ್ತಿರಲಿಲ್ಲವೇ? ಸೀಟಿ ಊದಿದರು. ಕಲ್ಲಿನ ಕಡೆಯಿಂದ ಒಂದು ನಗೆ ಕೇಳಿತು. ಕಾಕಾ ನಕ್ಕದ್ದನ್ನು ಊರು ಅಂದೇ ಮೊದಲು ಕೇಳಿದ್ದು. ಎದ್ದು ನಿಂತು ಕೂಗಿದರು: "ನೋಡ್ರಲೇ ನೋಡ್ರಿ! ಊರಾಗ ಚೆಂಡ ಹಿಡಿಯೂ ಕೈ ಎರಡಾದ್ರೂ ಅದಾವ!"

ದಂಡವೆಂದು ಅವರಿಗೆ ಕೊಟ್ಟ ಪೆನಾಲ್ಟಿ ಒದೆತ ಗೋಲಾಯಿತು, ಸೋತೆವು. ಈ ಸಲ ನನ್ನನ್ನು ತೆಗೆದರು. ಮುಂದೆಂದೂ ಆಡಲಿಲ್ಲ. ಮರುದಿನ ನನ್ನ ಮುಂದೆ ಚಪ್ಪಲಿ ಬಿತ್ತು. ಎರಡೂ ಕಾಲಿನ ಉಂಗುಟ ಹರಿದಿದ್ದವು. ಕಾಕಾ ದೂರ ನಿಂತು, "ನಿಯಮ ಮುರದಿ. ತಪ್ಪು ಮಾಡಿದಿ" ಎಂದರು. ನಾನು ಹೊಲಿಯತೊಡಗಿದೆ. ಹೊರಟವರು ತಿರುಗಿ, "ಆದ್ರ ಛಲೋ ಹಿಡದಿ" ಎಂದು ಹೋದರು.

ಸಂಸ್ಥಾನಗಳು ಕರಗಿ ನಾವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ, ಶ್ರಾವಣದ ಪಂದ್ಯವಾದ ಕೆಲವೇ ದಿನಗಳಲ್ಲಿ ಕಾಕಾ ಹೋದರು. ಅವರು ದಿನಾ ದಾಟುತ್ತಿದ್ದ ಗಡಿ ಅಳಿಸಿತ್ತು. ಗೋಲಿನಲ್ಲಿ ಮಾತ್ರ ಅದೇ ಸಾಹುಕಾರರ ಮಗನಿದ್ದ. ಕಾಕಾ ಅವರ ಜಾತಿಯ ಪದ್ಧತಿಯಂತೆ ಹೆಣವನ್ನು ಕಾಲು ಮಡಿಸಿ ಕೂರಿಸಿದ್ದರು. ಆ ಕಾಲುಗಳು ಅಲ್ಲಾಡದೆ ಇದ್ದುದನ್ನು ನಾನು ಕಂಡದ್ದು ಅದೇ ಮೊದಲು. ಬೀದಿಯ ಆಚೆ ನಿಂತು ನೋಡುತ್ತಿದ್ದೆ. ಸಾಹುಕಾರರ ಮಗ ಬಂದ, ಎಲ್ಲರೂ ದಾರಿ ಬಿಟ್ಟರು. ಎರಡೂ ಕೈಯಿಂದ ಹೂವಿನ ಹಾರ ಹಾಕಿದ. ದರ್ಜಿ, "ಸಿಟ್ಟೊಂದ ಇರದಿದ್ರ ದೇವರಂಥಾ ಮನಶ್ಯಾ" ಎಂದು ಕಣ್ಣೊರೆಸಿಕೊಂಡ. ನನಗೆ ಅವನ ಬಾಯಿಗೆ ಹೊಡೆಯಬೇಕೆನಿಸಿತು.

ಆಗ ಕಾಕಾ ಅವರ ಹೆಂಡತಿ ಒಳಗಿನಿಂದ ಬಂದು, ಜನರನ್ನು ಸರಿಸಿ, ಬೀದಿ ದಾಟಿ ನನ್ನ ಹತ್ತಿರ ಬಂದರು. ಕೈಯಲ್ಲಿ ಬಲಗಾಲಿನ ಚಪ್ಪಲಿ ಇತ್ತು. "ಮೊನ್ನಿ ಪಂದ್ಯದಾಗ ಹರಕೊಂಡ ಬಂದಿದ್ರು. ನಿನ್ನ ಕಡೆ ಕೊಡಂತ ಹೇಳಿದ್ರಪಾ" ಎಂದು ಅದನ್ನು ನನ್ನ ಕೈಯಲ್ಲಿ ಇಟ್ಟರು. ಒಗೆಯಲಿಲ್ಲ, ಕೈಯಲ್ಲೇ ಇಟ್ಟರು. ಊರೆಲ್ಲ ನೋಡುತ್ತಿತ್ತು.

ಆ ಚಪ್ಪಲಿ ಇನ್ನೂ ನನ್ನ ಹತ್ತಿರ ಇದೆ. ಎಷ್ಟೋ ಸಲ ದಬ್ಬಳಕ್ಕೆ ದಾರ ಪೋಣಿಸಿ ಕೂತು ಹಾಗೆಯೇ ಎತ್ತಿಟ್ಟಿದ್ದೇನೆ. ಆ ಉಂಗುಟ ಹರಿದದ್ದು ಅವರ ಸಿಟ್ಟಿನಿಂದ, ಹೊಲಿದರೆ ಆ ಸಿಟ್ಟೂ ಹೋಗುತ್ತದೆ. ಅವರು ನನಗೆ ಬಿಟ್ಟುಹೋದದ್ದು ಅದೊಂದೇ.