ಗುಡ್ಡೆ ಬಾಡಿನ ಡಾಕ್ಟ್ರಮ್ಮ

ಮೇಘಶ್ರೀ ಫೇಲಾದಳು. ಹಿರೀಸಾವೆ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ದನಕರುಗಳ ನಡುವೆಯೇ ಬೆಳೆದ ಹುಡುಗಿ, ಹಾಸನದಲ್ಲಿ ದನದ ಡಾಕ್ಟರ್ ಓದಲು ಹೋಗಿ, ದನದ ಹೊಟ್ಟೆಯೊಳಗೆ ಏನಿದೆ ಎಂದು ಹೇಳಲಾರದೆ ಮೊದಲ ವರ್ಷವೇ ಫೇಲಾದಳು ಎಂದರೆ ಯಾರಾದರೂ ನಂಬುತ್ತಾರೆಯೇ? ಊರಿನವರು ಮೊದಲು ನಂಬಲಿಲ್ಲ. ಆಮೇಲೆ ನಂಬಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವಳ ಆಸೆಯಾದರೂ ಸಣ್ಣದೇ? ಎಂಟನೇ ಕ್ಲಾಸಿನಲ್ಲಿದ್ದಾಗ ಮನೆಯ ಹಸು ಗೌರಿ ತಂತಿ ನುಂಗಿ, ಇನ್ನೇನು ಹೋಗೇಬಿಡುತ್ತದೆ ಎನ್ನುವಂತಾಗಿತ್ತು. ಹಾಸನದಿಂದ ಬಂದ ಡಾಕ್ಟರಮ್ಮ ಹಸುವನ್ನು ನಿಂತಲ್ಲೇ ನಿಲ್ಲಿಸಿ, ಎಡಪಕ್ಕೆ ಕೊಯ್ದು, ಭುಜದವರೆಗೂ ಕೈ ತೂರಿಸಿ ತಂತಿ ಎಳೆದು, ಹೊಲಿಗೆ ಹಾಕಿ ಹೋದರು. ಮಾರನೆಯ ದಿನ ಗೌರಿ ಹುಲ್ಲಿಗೆ ಬಾಯಿ ಹಾಕಿತು. ಬಕೆಟ್ ಹಿಡಿದು ನಿಂತಿದ್ದ ಮೇಘಶ್ರೀ ಅವತ್ತೇ ತೀರ್ಮಾನ ಮಾಡಿದಳು: ತಾನೂ ಸರ್ಜನ್ ಆಗಬೇಕು, ಆಪರೇಷನ್ ಮಾಡುವ ವ್ಯಾನು ಇಟ್ಟುಕೊಂಡು ಅರಕಲಗೂಡು, ಹೊಳೆನರಸೀಪುರ, ಎಲ್ಲಿಯ ಕೊಟ್ಟಿಗೆಗೆ ಕರೆದರೂ ಹೋಗಬೇಕು.

ಇಂಥವಳು ಎಡವಿದ್ದೆಲ್ಲಿ? ಕೇಳಿದರೆ ನಿಮಗೂ ನಗು ಬರುತ್ತದೆ. ಕಾಲೇಜಿನಲ್ಲಿ ಪಟಪಟ ಇಂಗ್ಲಿಷ್ ಮಾತಾಡುವವರನ್ನು ಕಂಡು ಇವಳು ಕುಗ್ಗಿಹೋದಳು. ತಾನು ಸಗಣಿ ಬಾಚಿದವಳೆಂದು ಯಾರಿಗೂ ತಿಳಿಯಬಾರದು! ಊರಿಂದ ಬಸ್ಸು ಹತ್ತುವ ಮುಂಚೆ ಘಮಘಮ ಸೋಪಿನಲ್ಲಿ ಕೈ ಉಜ್ಜಿದ್ದೇ ಉಜ್ಜಿದ್ದು. ಅಪ್ಪ ಏನು ಮಾಡುತ್ತಾರೆಂದು ಕೇಳಿದ ಸಹಪಾಠಿ ಶೋಭಿತಾಗೆ "ಬಿಸಿನೆಸ್" ಎಂದಳು. ಸತ್ತ ದನ ಕೊಯ್ದು ತೋರಿಸುವ ಹಾಲ್‌ನಲ್ಲಿ ಶೋಭಿತಾ ಮುಂದಿನ ಸಾಲಿನಲ್ಲಿ ನಿಂತು ಎಲ್ಲವನ್ನೂ ಎತ್ತಿ ಹಿಡಿದು ನೋಡುತ್ತಿದ್ದರೆ, ಇವಳು ತೋಳು ಮಡಿಸದೆ ಹಿಂದಿನ ಸಾಲಿನಲ್ಲಿ ದೊಡ್ಡ ಮನುಷ್ಯಳ ಹಾಗೆ ನಿಂತಳು. ಒಂದು ದಿನವೂ ಕೈಯಿಟ್ಟು ಮುಟ್ಟಲಿಲ್ಲ. ರೂಮಿಗೆ ಹೋಗಿ ಪುಸ್ತಕದ ಬಣ್ಣದ ಚಿತ್ರಗಳನ್ನು ಉರು ಹೊಡೆದಳು.

ಮೌಖಿಕ ಪರೀಕ್ಷೆಯಲ್ಲಿ ಬಣ್ಣವೆಲ್ಲಿಂದ ಬರಬೇಕು? ಫಾರ್ಮಲಿನ್‌ನಲ್ಲಿ ನೆನೆದು ಬೂದಿಬಣ್ಣಕ್ಕೆ ತಿರುಗಿದ ತುಂಡುಗಳು ತಟ್ಟೆಯಲ್ಲಿ ಕೂತಿದ್ದವು. ಪರೀಕ್ಷಕರು "ಎತ್ತಿ ಹೇಳಮ್ಮ" ಎಂದರೆ ಇವಳು ಪೆನ್ನಿನ ತುದಿಯಿಂದ ತಿವಿದಳು. ದನಕ್ಕಿರುವ ನಾಲ್ಕು ಹೊಟ್ಟೆಗಳಲ್ಲಿ ಮೂರನೆಯದನ್ನು ಎರಡನೆಯದೆಂದಳು, ಎರಡನೆಯದನ್ನು ನಾಲ್ಕನೆಯದೆಂದಳು. ಇನ್ನುಳಿದದ್ದು ಯುಗಾದಿ ಕಳೆದ ಮೇಲಿನ ಮರುಪರೀಕ್ಷೆ ಒಂದೇ. ಅದೂ ಹೋದರೆ ಜೊತೆಯವರೆಲ್ಲ ಮುಂದಕ್ಕೆ, ಇವಳು ಹೊಸಬರ ಜೊತೆ ಮತ್ತೆ ಮೊದಲ ವರ್ಷದ ಬೆಂಚಿಗೆ.

ಹಬ್ಬಕ್ಕೆ ಊರಿಗೆ ಬಂದವಳು ಪುಸ್ತಕ ಬಿಟ್ಟು ಏಳಲಿಲ್ಲ. ಹಬ್ಬದ ಮಾರನೆಯ ದಿನ ವರ್ಷದ ತೊಡಕು. ಆ ದಿನ ಬಾಡಿಲ್ಲದ, ಮಾಂಸ ಬೇಯದ ಒಲೆ ಆ ಊರಲ್ಲಿಲ್ಲ. ಹತ್ತಾರು ಮನೆಯವರು ಸೇರಿ ಕುರಿ ಕೊಯ್ದು, ತೆಂಗಿನ ಗರಿಯ ಮೇಲೆ ಮನೆಗೊಂದು ಗುಡ್ಡೆಯಂತೆ ಸಮನಾಗಿ ಪಾಲು ಹಾಕುತ್ತಾರೆ. ಯಾರಿಗೆ ಯಾವ ಗುಡ್ಡೆ ಎಂಬ ಜಗಳ ಬರಬಾರದೆಂದು ಒಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಇನ್ನೊಬ್ಬ ಗುಡ್ಡೆ ಮುಟ್ಟಿ "ಇದ್ಯಾರ್ದು?" ಎನ್ನುತ್ತಾನೆ, ತಿರುಗಿ ನಿಂತವನು ಒಂದು ಹೆಸರು ಕೂಗುತ್ತಾನೆ. ಕೂಗಿದ ಮೇಲೆ ತಕರಾರಿಲ್ಲ. ಇದೇ ಗುಡ್ಡೆ ಬಾಡು.

"ಎದ್ದು ಆಚೆಗೋಗೇ, ಪುಸ್ತಕ ನೋಡಿ ನೋಡಿ ಕಣ್ಣು ಗುಳಿ ಬಿದ್ದವೆ" ಎಂದು ಅಜ್ಜಿ ಲಕ್ಕಮ್ಮ ಅಟ್ಟಿದ್ದಕ್ಕೆ ಮೇಘಶ್ರೀ ಪಾತ್ರೆ ಹಿಡಿದು ದೊಡ್ಡಪ್ಪ ಕೆಂಪಣ್ಣನ ಹಿತ್ತಿಲಿಗೆ ಹೋದಳು. ಹೊಂಗೆ ಮರದಡಿ ಗಂಡಸರ ಗುಂಪು. ಕೆಂಪಣ್ಣ ಸುಮ್ಮನಿರುವ ಆಸಾಮಿಯೇ?

"ಏನ್ ಮಗಾ, ಅಲ್ಲೇ ನಿಂತ್ಕಂಡೆ? ದನದ ಒಳ್ಗಿರೋದು ಗೊತ್ತಾಗ್ದೆ ಫೇಲಾದ್ಯಂತಲ್ಲ, ಬಾ, ಕುರಿದು ಪುಗಸಟ್ಟೆ ತೋರುಸ್ತೀನಿ!"

ಎಲ್ಲರೂ ಗೊಳ್ಳೆಂದರು. ಮೇಘಶ್ರೀಗೆ ಉರಿದುಹೋಯಿತು. ಪಾತ್ರೆ ಕುಕ್ಕಿ, ತೋಳು ಮೇಲೇರಿಸಿ, ಗಂಡಸರ ನಡುವೆ ಕುಕ್ಕರುಗಾಲಲ್ಲಿ ಕೂತೇಬಿಟ್ಟಳು. ಆಗಷ್ಟೇ ತೊಳೆದಿಟ್ಟ ಬೋಟಿಗೆ, ದನದ್ದರಂತೆಯೇ ನಾಲ್ಕು ಪಾಲಿರುವ ಕುರಿಯ ಹೊಟ್ಟೆಗೆ, ಎರಡೂ ಕೈ ಹಾಕಿದಳು. ಅಯ್ಯೋ, ಇದು ಮೊದಲನೆಯದು, ರೂಮೆನ್, ಒರಟು ಟವಲ್ಲಿನ ಹಾಗಿದೆ! ಪಕ್ಕದ್ದು ಜೇನುಹುಟ್ಟಿನಂತೆ ಮನೆಮನೆ, ರೆಟಿಕ್ಯುಲಮ್, ಗೌರಿಯ ತಂತಿ ಸಿಕ್ಕಿಕೊಂಡಿದ್ದು ಇಂಥದ್ದರಲ್ಲೇ. ಹಾಳೆ ಹಾಳೆಯಾಗಿರುವುದು ಒಮೇಸಮ್. ನುಣುಪಾಗಿ ಜಾರುವುದು ಕೊನೆಯದು, ಅಬೊಮೇಸಮ್. ಚಿತ್ರದಲ್ಲಿ ಕಲಸಿಹೋಗಿದ್ದೆಲ್ಲ ಬೆರಳಿಗೆ ತಾನಾಗಿಯೇ ಬೇರೆಬೇರೆಯಾಗಿ ಸಿಕ್ಕಿತು. ಒಂದೊಂದರ ಹೆಸರನ್ನೂ ಗಟ್ಟಿಯಾಗಿ ಹೇಳಿದಳು.

"ನೋಡ್ಕಂಡು ಏಳ್ಬುಟ್ರೆ ಆಯ್ತಾ? ತಿರಿಕ್ಕಂಡು ನಿಂತ್ಕ!" ಎಂದ ಕೆಂಪಣ್ಣ. ಅವಳು ತಿರುಗಿ ನಿಂತು ಕೈಗಳನ್ನು ಬೆನ್ನ ಹಿಂದೆ ಚಾಚಿದಳು. ಅವನು ಒಂದು ತುಂಡು ಇಟ್ಟು ಗುಡ್ಡೆ ಕೂಗುವ ರಾಗದಲ್ಲೇ ಕೇಳಿದ, "ಇದ್ಯಾರ್ದೂ?"

"ಒಮೇಸಮ್!"

"ಇದ್ಯಾರ್ದೂ?"

"ಎಡಗಡೆ ಕಿಡ್ನಿ... ಅಲ್ಲಲ್ಲ, ತಡಿ ದೊಡ್ಡಪ್ಪ, ಗುಂಡಿಗೆ ತುದಿ!"

ಹಿತ್ತಿಲೆಲ್ಲ ಹೋ ಎಂದಿತು. ಆಟಕ್ಕೆ ಹುರುಪೇರಿ ಯಾರಿಗೂ ಪಾಲಿನ ನೆನಪೇ ಇಲ್ಲ. ಸೌಟು ಹಿಡಿದು ಹುಡುಕಿಕೊಂಡು ಬಂದ ಲಕ್ಕಮ್ಮ, "ಮಸಾಲೆ ರುಬ್ಬಿ ಒಣಗೋಯ್ತು, ನೀವಿಲ್ಲಿ ಇಸ್ಕೂಲ್ ನಡುಸ್ತಿದೀರಾ!" ಎಂದು ಎಲ್ಲರಿಗೂ ಸೇರಿಸಿ ಬೈದಳು. ಬೈದವಳೂ ನಿಂತು ನೋಡಿದಳು.

ಮರುಪರೀಕ್ಷೆಗೆ ಬಂದವರು ಅದೇ ಪರೀಕ್ಷಕರು. ಅದೇ ತಟ್ಟೆ, ಅದೇ ಬೂದಿಬಣ್ಣ. ಪಕ್ಕದಲ್ಲಿ ಪೆನ್ನಿತ್ತು, ಮೇಘಶ್ರೀಯ ಬೆರಳು ಅತ್ತಲೇ ಹೋಯಿತು. ಥೂ, ಮತ್ತೆ ಅದೇನಾ? ಅವಳು ಪೆನ್ನು ತಳ್ಳಿ, ಗ್ಲೌಸು ಎಳೆದುಕೊಂಡು ಹೇಳಿದಳು.

"ಸರ್, ನಾನು ತಿರುಗಿ ನಿಂತ್ಕೋತೀನಿ. ನೀವು ಕೈಗೆ ಕೊಡ್ತಾ ಹೋಗಿ."

"ಏನಮ್ಮಾ, ತಮಾಷೆನಾ?"

"ಇಲ್ಲ ಸರ್. ನಮ್ಮೂರಲ್ಲಿ ಹಿಂಗೇ."

ಅವರು ಹುಬ್ಬೇರಿಸಿದರು, ಆದರೆ ಕೊಟ್ಟರು. ಒಂದು, ಇನ್ನೊಂದು, ಮತ್ತೊಂದು. ಅವಳ ಬಾಯಿಂದ ಹೆಸರುಗಳು ಉದುರಿದವು, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ. ರೆಟಿಕ್ಯುಲಮ್ ಸಿಕ್ಕಾಗ ಕೇಳದಿದ್ದರೂ ತಂತಿ ಯಾಕೆ ಅಲ್ಲೇ ನಿಲ್ಲುತ್ತದೆ, ಎದುರಿಗಿರುವ ಗುಂಡಿಗೆಗೆ ಹೇಗೆ ಚುಚ್ಚುತ್ತದೆ ಎಂದೆಲ್ಲ ಹೇಳಿಬಿಟ್ಟಳು. ಕೊನೆಗೆ ಗಟ್ಟಿಯಾದದ್ದೊಂದು ಕೈಗೆ ಬಂತು. ಮೂಳೆಯಲ್ಲ, ಹಲ್ಲಲ್ಲ. ಬೆರಳಾಡಿಸಿದಳು.

"ಸರ್, ಇದು ನಿಮ್ಮ ಕನ್ನಡಕದ ಡಬ್ಬಿ."

ಪರೀಕ್ಷಕರು ನಕ್ಕ ನಗು ಹೊರಗೆ ಕಾಯುತ್ತಿದ್ದವರಿಗೂ ಕೇಳಿಸಿತು.

ಫಲಿತಾಂಶ ಬಂದದ್ದು ಒಂದು ಶನಿವಾರ. ಮೇಘಶ್ರೀ ದನ ಕೊಯ್ಯುವ ಅದೇ ಹಾಲ್‌ನಲ್ಲಿ, ಈಗ ಮುಂದಿನ ಸಾಲಿನಲ್ಲಿ, ಮೊಣಕೈವರೆಗೂ ಒದ್ದೆಯಾಗಿ ನಿಂತಿದ್ದಳು. ಫೋನ್ ನೋಡಿದವಳು ಶೋಭಿತಾ. "ಪಾಸ್ ಕಣೇ! ಪಾಸ್!" ಎಂದು ಕಿರುಚಿ ತಬ್ಬಿಕೊಂಡಳು. ಕೈ ಸರಿಯಾಗಿ ತೊಳೆಯಲೂ ಪುರಸೊತ್ತಿಲ್ಲದೆ ಇವಳು ಓಡಿ ಬಸ್ಸು ಹಿಡಿದಳು. ಅಜ್ಜಿಗೆ ಎದುರಲ್ಲೇ ನಿಂತು ಹೇಳಬೇಕು!

ಶಾಂತಿಗ್ರಾಮದಲ್ಲಿ ಹತ್ತಿದ ಒಬ್ಬ ಹೆಂಗಸು ಪಕ್ಕದಲ್ಲಿ ಕೂತು ಮೂಗು ಸೊಟ್ಟ ಮಾಡಿದಳು. "ಏನವ್ವಾ ಇದು, ಯಾತರ ವಾಸ್ನೆ?"

ಮೊದಲಾಗಿದ್ದರೆ ಮೇಘಶ್ರೀ ಕೈಗಳನ್ನು ವೇಲಿನೊಳಗೆ ಬಚ್ಚಿಡುತ್ತಿದ್ದಳು.

"ನನ್ ಕೈದೇ ಕಣಮ್ಮ. ದನದ ಡಾಕ್ಟ್ರಾಗಕ್ಕೆ ಓದ್ತಿದೀನಿ" ಎಂದಳು, ಬಸ್ಸಿಗೆಲ್ಲ ಕೇಳುವಂತೆ.

ಹೆಂಗಸಿನ ಮೂಗು ನೆಟ್ಟಗಾಯಿತು. ಹತ್ತಿರ ಸರಿದು ಅವಳ ಕೈಯನ್ನೇ ಹಿಡಿದುಕೊಂಡಳು. "ಅಂಗಾರೆ ದೇವ್ರು ಕಳಿಸ್ದಂಗೆ ಸಿಕ್ದೆ ಕಣವ್ವ. ನಮ್ಮನೆ ಹಸ ನೆನ್ನೆಯಿಂದ ಮೇವೇ ಮುಟ್ತಿಲ್ಲ."

"ಎಡಗಡೆ ಉಬ್ಬೈತಾ? ಇಳಿಜಾರಲ್ಲಿ ನಡೆಯುವಾಗ ನರಳುತ್ತಾ?"

"ಊಂ ಕಣವ್ವಾ, ನರಳ್ತದೆ! ನಿಂಗೆಂಗೆ ಗೊತ್ತಾಯ್ತು?"

"ಮೊದ್ಲು ನಿಮ್ ಡಾಕ್ಟ್ರಿಗೆ ಫೋನ್ ಮಾಡಿ, ಈಗ್ಲೇ. ತಂತಿ ಗಿಂತಿ ನುಂಗೈತಾ ನೋಡಿ ಅಂತ ಏಳಿ. ಇನ್ನೂ ನಾಕೈದ್ ವರ್ಸ ಆಗಿದ್ದಿದ್ರೆ ನಾನೇ ಬತ್ತಿದ್ದೆ."

ಫೋನಿನಲ್ಲಿ ನಂಬರು ಹುಡುಕಿಕೊಟ್ಟು, ಡಾಕ್ಟರಿಗೆ ಹೇಗೆ ಹೇಳಬೇಕೆಂದು ಹೇಳಿಕೊಟ್ಟು, ಚನ್ನರಾಯಪಟ್ಟಣದಲ್ಲಿ ಆ ಹೆಂಗಸು ಇಳಿದ ಮೇಲೂ ಮೇಘಶ್ರೀಯ ಕಣ್ಣ ಮುಂದೆ ಆ ಹಸುವೇ ನಿಂತಿತ್ತು. ಕಂಡಕ್ಟರ್ "ಹಿರೀಸಾವೆ, ಹಿರೀಸಾವೆ!" ಎಂದು ಕೂಗಿ ಕೂಗಿ, ಕೊನೆಗೆ ಸಿಟ್ಟಿಗೆದ್ದು "ಏನ್ರೀ ಡಾಕ್ಟ್ರೇ, ಇಳಿಯಲ್ವಾ?" ಎಂದಾಗಲೇ ಮೇಘಶ್ರೀ ಎದ್ದದ್ದು.