ಅಳಿಯ ದೇವರ ಗುರುವಾರ

ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದೆ. ಎದುರು ಮನೆಯಿಂದ ಅಕ್ಕನ ಮಗಳು ಚೀರಿದ್ದು ಕೇಳಿಸಿತು. ಮೊರವನ್ನು ಅಲ್ಲೇ ಬಿಟ್ಟು ಓಡಿದೆ. ಅಕ್ಕ ಮಧ್ಯಾಹ್ನ ಉಂಡು ಮಲಗಿದವಳು ಎದ್ದಿರಲಿಲ್ಲ.

ಸಂಜೆ ಹೊತ್ತಿಗೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂರಿಸಿದ್ದರು. ಹೆಂಗಸರು ಎಷ್ಟು ತಿಕ್ಕಿ ತೊಳೆದರೂ ಬಲಗೈ ಹೆಬ್ಬೆರಳು, ತೋರುಬೆರಳಿನ ತುದಿಯ ಕೆಂಪು ಹೋಗಿರಲಿಲ್ಲ. ಅದು ಖಾರದ ಕೆಂಪು. ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳನ್ನು ಕುಟ್ಟಿ ಕುಟ್ಟಿ, ಚಿಟಿಕೆಯಲ್ಲಿ ಹಿಡಿದು ರುಚಿ ನೋಡಿ ನೋಡಿ ಚರ್ಮದೊಳಗೆ ಇಳಿದ ಬಣ್ಣ. ಹೋಗುವಾಗ ಹೊಟ್ಟೆಯಲ್ಲಿ ಅನ್ನವಿತ್ತಲ್ಲ, ಅಷ್ಟು ಮಟ್ಟಿಗೆ ದೇವರು ಕಣ್ಣು ತೆರೆದಿದ್ದ ಎಂದುಕೊಂಡೆ. ಯಾಕೆ ಹಾಗೆ ಅಂದುಕೊಂಡೆನೆಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಮದುವೆಯಾಗಿ ಶಹಾಪುರಕ್ಕೆ ಬಂದಾಗ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬಡಿದದ್ದೆಲ್ಲ ಅಂಚಿನಲ್ಲಿ ಸೀಳುತ್ತಿತ್ತು. ಅಕ್ಕ, ಒಡಹುಟ್ಟಿದವಳಲ್ಲ, ಎದುರು ಮನೆಯವಳು, ತನ್ನ ರೊಟ್ಟಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲಿನಿಂದ ತಂದು ಕೊಡುತ್ತಿದ್ದಳು. ಒಂದು ದಿನ ನನ್ನ ಅತ್ತೆ ಬಾಗಿಲಲ್ಲೇ ಹಿಡಿದು, "ಇವು ಯಾರ ಕೈಯಾನ್ವು?" ಎಂದು ಕೇಳಿಯೇಬಿಟ್ಟರು. ಅಕ್ಕ ತಡವರಿಸಲಿಲ್ಲ. "ನನ್ನವರಿ. ನಿಮ್ಮ ಸೊಸಿವು ಹಂಚಿನ ಮ್ಯಾಗ ಹರದು ಕುಂತಾವ. ಹೊಟ್ಟಿಗಿ ಯಾವ್ ಬೇಕು, ಆರಿಸ್ಕೋರಿ," ಅಂದಳು. ಅತ್ತೆಗೂ ನಗು ಬಂತು. ಬೈಗುಳ ತಪ್ಪಿತು. ಸುಳ್ಳು ಎಂಬುದು ಅವಳ ಬಾಯಿಗೆ ಹತ್ತುತ್ತಿರಲಿಲ್ಲ, ಅಷ್ಟೇ.

ಗಂಡ ತೀರಿದ ಮೇಲೆ ಇದ್ದೊಬ್ಬ ಮಗಳನ್ನು ಸುರಪುರಕ್ಕೆ ಕೊಟ್ಟಿದ್ದಳು. ಅಳಿಯನ ಬಟ್ಟೆ ಅಂಗಡಿ ಮುಳುಗಿತು. ಅಂಗಡಿ ಮುಳುಗಿದ ಸಿಟ್ಟಿಗೆ ಅವನು ಹೆಂಡತಿಯನ್ನು ತವರಿಗೆ ತಂದು ಬಿಟ್ಟು ಹೋದ. ಆ ಮಳೆಗಾಲವೆಲ್ಲ ಆ ಹುಡುಗಿ ಬಾಗಿಲಿಗೆ ಒರಗಿ ಕೂತಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಅವನಿಗೆ ಅತ್ತೆಯ ಕೈಯ ಹಿಂಡಿಯನ್ನು ಡಬ್ಬಿಗೆ ತುಂಬಿ ಫೋನಿನಲ್ಲಿ ಮಾರುವ ವಿಚಾರ ಹೊಳೆಯಿತು. ಡಬ್ಬಿಯ ಮೇಲೆ ಅಕ್ಕನ ಫೋಟೊ. ಅಡುಗೆಮನೆಯಲ್ಲಿ ಸ್ಟ್ಯಾಂಡು ನಿಲ್ಲಿಸಿ, ಫೋನು ಸಿಗಿಸಿ, ಲೈವ್ ಶುರು ಮಾಡಿದ. ಮಗಳು ಗಂಡನ ಮನೆಗೆ ತಿರುಗಿ ಹೋದಳು.

ಅಕ್ಕ ಫೋನಿನ ಮುಂದೆ ಮಾತಾಡುತ್ತಿದ್ದದ್ದೂ ನನ್ನ ಹತ್ತಿರ ಮಾತಾಡಿದ ಹಾಗೆಯೇ. ರೊಟ್ಟಿ ಮುರಿದು, ಹಿಂಡಿ ಹಚ್ಚಿ, ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು ನುಂಗಿದ ಮೇಲೆಯೇ, "ಚಲೋ ಅದ್ರಿ, ನೀವೂ ತಿನ್ರಿ," ಅನ್ನುತ್ತಿದ್ದಳು. ಅಗಿಯುವ ತನಕ ನೋಡುವವರು ಕಾಯಬೇಕು. "ಅತ್ತಿ, ಜಲ್ದಿ ನುಂಗ್ರಿ, ಮಂದಿ ಬಿಟ್ಟು ಹೋಗ್ತಾರ," ಎಂದು ಅಳಿಯ ಗೋಳಾಡುತ್ತಿದ್ದ.

ಶ್ರಾವಣ ಸೋಮವಾರ ಅಕ್ಕನಿಗೆ ಉಪವಾಸ. ಆ ದಿನವೇ ಅಳಿಯ ಲೈವ್ ಇಟ್ಟ. ಅಕ್ಕ ಹಿಂಡಿ ತೋರಿಸಿದಳು, ರೊಟ್ಟಿ ಮುರಿಯಲಿಲ್ಲ. "ಇವತ್ತ ನನಗ ಉಪಾಸರಿ. ಇದನ್ನ ನಾ ತಿಂದಿಲ್ಲ. ಹ್ಯಾಂಗ ಆಗ್ಯಾದೋ ನನಗ ಗೊತ್ತಿಲ್ಲ. ಗಡಿಬಿಡಿ ಇದ್ದವ್ರು ತಗೋರಿ, ಇಲ್ಲಾಂದ್ರ ನಾಳಿ ಬರ್ರಿ, ತಿಂದು ಹೇಳ್ತೀನಿ," ಅಂದಳು. ಅಳಿಯ ಫೋನಿನ ಹಿಂದೆ ನಿಂತು ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ಆದದ್ದೇ ಬೇರೆ. ಜನ ಮುಗಿಬಿದ್ದರು. ಹೀಗೆ ಹೇಳುವವರು ಈಗ ಎಲ್ಲಿದ್ದಾರೆ, ಕೊಂಡರೆ ಈ ಅವ್ವನ ಹತ್ತಿರವೇ ಕೊಳ್ಳಬೇಕು ಎಂದು ಯಾವ ಯಾವ ಊರಿನವರೋ ಕೆಳಗೆ ಬರೆದರು. ಮಾಡಿದ್ದೆಲ್ಲ ಖಾಲಿಯಾಯಿತು.

ಮರುದಿನ ಅಳಿಯ ಪೇಡೆ ತಂದ. ನಾನು ಅಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದೆ.

"ಅತ್ತಿ, ನಾ ರೊಕ್ಕಾ ಸುರದು ಜಾಹೀರಾತು ಹಾಕಿದ್ರೂ ಮಂದಿ ಹಿಂಗ ನಂಬಿದ್ದಿಲ್ಲ ನೋಡ್ರಿ. ಈ ಗುರುವಾರ ಲೈವ್ ಅದ. ಅವತ್ತೂ ಹಂಗೇ ಅನ್ರಿ."

"ಗುರುವಾರ ನಾ ಉಣ್ತೀನಲ್ರಿ."

"ಉಣ್ರಿ, ಯಾರ್ ಬ್ಯಾಡಂದ್ರು? ಅದು ನಿಮಗ ಗೊತ್ತು, ನನಗ ಗೊತ್ತು. ನೋಡಾವ್ರಿಗೇನು ಗೊತ್ತು? ನಾ ತಿಂದಿಲ್ಲ ಅಂತ ಬರೇ ಅನ್ರಿ."

ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡಳು. ನನ್ನ ಅತ್ತೆಗೆ ಎದುರುತ್ತರ ಕೊಟ್ಟವಳು ಅಳಿಯನ ಮುಂದೆ ಬಾಯಿ ತೆರೆಯಲಿಲ್ಲ.

ಗುರುವಾರ ಬೆಳಿಗ್ಗೆ ಬಟ್ಟಲಲ್ಲಿ ಮಂಡಕ್ಕಿ ಸುಸಲಾ ಒಯ್ದೆ. ಅಕ್ಕನಿಗೆ ಸಕ್ಕರೆ ಕಾಯಿಲೆ, ಗುಳಿಗೆ ನುಂಗಿ ಹೊತ್ತಿಗೆ ಸರಿಯಾಗಿ ತಿನ್ನಬೇಕು. ಅವಳು ಬಟ್ಟಲನ್ನು ದೂರ ಸರಿಸಿದಳು.

"ಇವತ್ತ ಉಪಾಸ ಅದ ತಂಗಿ."

"ಗುರುವಾರ ಯಾವ ದೇವ್ರಿಂದು ಅಕ್ಕಾ?"

"ಅಳಿಯ ದೇವ್ರಿಂದು."

ನಾನು ನಕ್ಕೆ. ಅವಳು ನಗಲಿಲ್ಲ. ಆಗ ನನಗೆ ತಿಳಿಯಿತು.

"ಹುಚ್ಚಿ ಆಗೀಯೇನು? ಆಗೂದಿಲ್ಲಂತ ಅಂದುಬಿಡಬೇಕಿಲ್ಲೋ?"

"ಅಂದ್ರ ಮಗಳು ನಾಳಿ ಈ ಬಾಗಿಲಿಗಿ ಬಂದು ಕೂಡ್ತಾಳ. ತಿಂದು, ತಿಂದಿಲ್ಲ ಅಂದ್ರ, ನನ್ನ ಮಾತಿನ ಮ್ಯಾಲ ಅಷ್ಟು ಮಂದಿ ಉಣ್ಣಾಕತ್ತಾರಲ್ಲ, ಅವ್ರಿಗಿ ಏನಂತ ಮಾರಿ ತೋರಸ್ಲಿ? ಉಪಾಸ ಇದ್ದುಬಿಟ್ರ ಇಬ್ರಿಗೂ ಹಗೂರ."

"ನಿನಗ?"

"ನನಗೇನಾಗ್ತದ? ಸಂಜಿಗಿ ಉಣ್ತೀನಿ."

ಅಳಿಯನಿಗಾಗಲಿ ಮಗಳಿಗಾಗಲಿ ಹೇಳಬಾರದೆಂದು ತಿಂಥಣಿ ಮೌನೇಶ್ವರನ ಮೇಲೆ ಆಣೆ ಹಾಕಿಸಿಕೊಂಡಳು. ಆ ದೇವರ ಹೆಸರು ಹಿಡಿದ ಮೇಲೆ ನನ್ನ ನಾಲಿಗೆ ಏಳುವುದಿಲ್ಲ. ಅವಳಿಗೂ ಅದು ಗೊತ್ತಿತ್ತು.

ಆ ಮೇಲೆ ವಾರ ವಾರ ಅದೇ ಆಯಿತು. ಉಪವಾಸದ ಮಾತಿಗೆ ಜನ ಹೆಚ್ಚು ಕೂಡುತ್ತಾರೆಂದು ಅಳಿಯ ಅದನ್ನೇ ಹಿಡಿದುಕೊಂಡ. ಅವನ ವ್ಯಾಪಾರ ಏರಿತು. ಸುರಪುರದಲ್ಲಿ ಮಗಳ ಕೊರಳಿಗೆ ಚಿನ್ನದ ಬೋರಮಾಳ ಬಂತು. ಅಕ್ಕನ ರವಿಕೆಯ ತೋಳು ಮಾತ್ರ ಸಡಿಲವಾಗುತ್ತ ಹೋಯಿತು. ಗುರುವಾರ ಬಂದರೆ ನಾನು ಕಿಟಕಿಯಿಂದ ಅವಳ ಬಾಗಿಲನ್ನು ನೋಡುತ್ತ ಇರುತ್ತಿದ್ದೆ. ಸಂಜೆ ಅವಳ ಮನೆಯ ದೀಪ ಹತ್ತಿ, ಹಂಚಿನ ಸಪ್ಪಳ ಕೇಳಿದರೆ ದೇವರಿಗೆ ಕೈ ಮುಗಿಯುತ್ತಿದ್ದೆ.

ಒಂದು ಗುರುವಾರ ಲೈವ್ ಮುಗಿಯುವ ಹೊತ್ತಿಗೆ ಧಡ್ ಎಂದು ಸದ್ದಾಯಿತು. ಅಳಿಯ ಊರಲ್ಲಿರಲಿಲ್ಲ. ಅಷ್ಟರಲ್ಲಿ ಅಕ್ಕ ತಾನೇ ಫೋನಿನ ಗುಂಡಿ ಒತ್ತುವುದನ್ನು ಕಲಿತಿದ್ದಳು. ಹೋಗಿ ನೋಡಿದರೆ ಒರಳಿನ ಪಕ್ಕ ಬಿದ್ದಿದ್ದಾಳೆ, ಮೈಯೆಲ್ಲ ತಣ್ಣನೆ ಬೆವರು. ಉಪವಾಸಕ್ಕೆ ಮೈಯ ಸಕ್ಕರೆ ಇಳಿದಿದೆಯೆಂದು ತಿಳಿದು, ಸಕ್ಕರೆ ಡಬ್ಬಿ ಹುಡುಕಿ ಒಂದು ಹಿಡಿ ಬಾಯಿಗೆ ಹಾಕಲು ಹೋದೆ. ಹಲ್ಲು ಕಚ್ಚಿ ಮುಖ ತಿರುಗಿಸಿದಳು.

"ಬಾಯಿ ತೆಗಿ ಅಕ್ಕಾ, ನಿನ್ನ ಕಾಲಿಗಿ ಬೀಳ್ತೀನಿ."

"ಫೋನು... ಬಂದ್ ಆಗ್ಯಾದೇನು ನೋಡು ಮೊದಲ."

ಎದ್ದು ನೋಡಿದೆ. ಫೋನು ಕಪ್ಪಗಿತ್ತು. "ಆಗ್ಯಾದ," ಅಂದ ಮೇಲೆಯೇ ಬಾಯಿ ತೆರೆದಳು.

ಅದಾದ ಮೇಲೂ ಗುರುವಾರಗಳು ನಿಲ್ಲಲಿಲ್ಲ. ನನ್ನ ಆಣೆಯನ್ನೂ ಅವಳು ಬಿಚ್ಚಲಿಲ್ಲ. ಕೊನೆಗೆ ಒಂದು ಭಾನುವಾರ, ಮಗಳು ತವರಿಗೆ ಬಂದಿದ್ದಾಗ, ಅವಳ ಕೈಯಿಂದ ಹುಗ್ಗಿ ಬಡಿಸಿಕೊಂಡು ಉಂಡು ಮಲಗಿದಳು.

ಮಣ್ಣು ಮಾಡಿ, ಬಂದ ನೆಂಟರೆಲ್ಲ ಊರಿಗೆ ಹೋದ ಮೇಲೆ ಅಳಿಯ ನಮ್ಮ ಮನೆಗೆ ಬಂದ. ಕೈಯಲ್ಲಿ ಫೋನಿತ್ತು. ಅವನ ಕಣ್ಣು ಅತ್ತು ಊದಿದ್ದವು, ಅದನ್ನೂ ಹೇಳಬೇಕು.

"ಅಕ್ಕಾರ, ಅತ್ತಿ ಬಗ್ಗಿ ನಾಕು ಮಾತು ಹೇಳ್ರಿ. ವಿಡಿಯೋ ಮಾಡಿ ಹಾಕ್ತೀನಿ. ಮಂದಿ ಕೇಳಾಕತ್ತಾರ. ನೀವು ಹತ್ತರದವ್ರು, ನೀವು ಹೇಳಿದ್ರ ನಂಬ್ತಾರ."

"ಇದ್ದದ್ದು ಹೇಳಬೇಕೇನ್ರಿ?"

"ಮತ್ತೇನು? ಇದ್ದದ್ದೇ ಹೇಳ್ರಿ."

ಆಣೆ ಹಾಕಿಸಿಕೊಂಡವಳು ಮಣ್ಣು ಸೇರಿದ್ದಾಳೆ, ಮೌನೇಶ್ವರ ನನ್ನನ್ನು ಕ್ಷಮಿಸಲಿ ಎಂದುಕೊಂಡು ಹೇಳಿದೆ. ಗುರುವಾರಗಳನ್ನೂ ಹೇಳಿದೆ, ಸಕ್ಕರೆಯನ್ನೂ ಹೇಳಿದೆ. ಅವನ ಕೈಯಲ್ಲಿದ್ದ ಫೋನು ನಿಧಾನಕ್ಕೆ ಕೆಳಗಿಳಿಯಿತು.

"ನಾ ಬರೇ ಅನ್ರಿ ಅಂದಿದ್ದೆ," ಅಂದ. "ಉಪಾಸ ಇರ್ರಿ ಅಂದಿದ್ದಿಲ್ರಿ ಅಕ್ಕಾರ. ಬರೇ ಅನ್ರಿ ಅಂದಿದ್ದೆ."

"ಹೌದ್ರಿ. ನಾನೂ ಕೇಳೀನಿ."

ಅವನು ಹೊಸ್ತಿಲ ಮೇಲೆ ಕೂತ. ಎದುರು ಮನೆಯಲ್ಲಿ ಅವನ ಹೆಂಡತಿ ಅವ್ವನ ಸೀರೆಗಳನ್ನು ಮಡಚಿ ಗಂಟು ಕಟ್ಟುತ್ತಿದ್ದಳು. ಅವನು ಅತ್ತ ನೋಡಿ, ದನಿ ತಗ್ಗಿಸಿ, "ಅಕಿಗಿ ಹೇಳಬ್ಯಾಡ್ರಿ. ನಿಮ್ಮ ದೇವ್ರಾಣಿ ಅದ," ಅಂದ.

ಅಷ್ಟರಲ್ಲಿ ಹಿತ್ತಿಲಲ್ಲಿ ನಳ ಬಂದ ಸದ್ದಾಯಿತು. ನೀರು ಬಿಟ್ಟಾಗ ತುಂಬಿಕೊಳ್ಳದಿದ್ದರೆ ಮತ್ತೆ ಯಾವಾಗಲೋ. ಅವನನ್ನು ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋಗಿ, ಕೊಡ ತಿಕ್ಕಿ ತೊಳೆದು, ನಳದ ಕೆಳಗೆ ಹಚ್ಚಿದೆ.